ಗಾಳಿ ತಾತನ ನೆನಪಿಗೆ 14 ಲೈಫ್ ಜಾಕೆಟ್, 2 ಪುಟ್ಟ ದೋಣಿ

ಆತ್ಮೀಯರೇ,

ನಮ್ಮ ಸೇಲಿಂಗ್ ಕ್ಲಬ್ಬಿನ ಶೆಡ್ಡಿನಲ್ಲಿ ಒಂದು ಗೋಣಿ ಮೂಟೆ ಇದೆ. ಒಳಗೆ 14 ಲೈಫ್ ಜಾಕೆಟ್‌ಗಳಿವೆ. ಅಷ್ಟಕ್ಕೂ ಪಟ್ಟಿ ಕತ್ತರಿಸಿದೆ. ಕತ್ತರಿಸಿದವರು ನಮ್ಮ ಗಾಳಿ ತಾತ.

ಕಳೆದ ದೀಪಾವಳಿ ಮುಗಿದ ವಾರ ಅವರು ಶೆಡ್ಡಿನ ಹಿಂದಿನ ಸಿಮೆಂಟ್ ತೊಟ್ಟಿಗೆ ನೀರು ತುಂಬಿಸಿದರು. ಒಂದೊಂದೇ ಜಾಕೆಟ್‌ಗೆ ತೂಕ ಕಟ್ಟಿ ನೀರಿಗೆ ಬಿಟ್ಟು ನೋಡಿದರು. ಒಳಗಿನ ಫೋಮ್ ಹಳೆಯದಾದರೆ ಅಪ್ಪಚ್ಚಿಯಾಗಿ ತೇಲಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಮೇಲಿನ ಬಟ್ಟೆ ಮಾತ್ರ ಚೆನ್ನಾಗಿಯೇ ಕಾಣುತ್ತದೆ, ಅದೇ ಅಪಾಯ. ಮುಳುಗಿದ್ದನ್ನೆಲ್ಲ ಪಕ್ಕಕ್ಕೆ ಹಾಕಿ, ಮನೆಯಿಂದ ತಂದಿದ್ದ ಕತ್ತರಿಯಲ್ಲಿ ಪಟ್ಟಿ ಕಚಕ್ ಅನ್ನಿಸಿದರು. "ಸುಮ್ನೆ ಇಟ್ರೆ ಯಾವನೋ ಒಬ್ಬ ಅರ್ಜೆಂಟಲ್ಲಿ ಹಾಕ್ಕೊಂಡು ಹೋಗ್ತಾನೆ" ಅಂದರು. ಖಜಾಂಚಿಗಳ ಮುಖ ಆಗ ನೋಡಬೇಕಿತ್ತು.

ಅದು ಅವರು ಕ್ಲಬ್ಬಿಗೆ ಮಾಡಿದ ಕೊನೆಯ ಕೆಲಸ. ಮಾಘದಲ್ಲಿ ತೀರಿಕೊಂಡರು. 81 ವರ್ಷ ವಯಸ್ಸಾಗಿತ್ತು. ಅದರಲ್ಲಿ 38 ವರ್ಷ ನಮ್ಮ ಜೊತೆ.

ಸಮುದ್ರವಿಲ್ಲದ ಬೆಂಗಳೂರಿನಲ್ಲಿ ಹಾಯಿದೋಣಿಯ ಹುಚ್ಚು ಹಿಡಿಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ತಾತನಿಗೆ ಹಿಡಿಸಿದ್ದು ದಿನಪತ್ರಿಕೆ. 1987ರ ಜನವರಿಯಲ್ಲಿ ನಮ್ಮ ಸೇನೆಯ ಎಂಜಿನಿಯರ್‌ಗಳು 'ತೃಷ್ಣಾ' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಮುಂಬೈಗೆ ವಾಪಸ್ ಬಂದರಲ್ಲ, ಆ ಸುದ್ದಿಯ ಫೋಟೋ ಕತ್ತರಿಸಿಟ್ಟುಕೊಂಡು ಕ್ಲಬ್ ಹುಡುಕಿಕೊಂಡು ಬಂದಿದ್ದರು. ಆಗ ಅವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಫಿಟ್ಟರ್. ಈಜು ಬರುತ್ತಿರಲಿಲ್ಲ! ಆ ಫೋಟೋ ಟೂಲ್ಸ್ ಬೀರುವಿನ ಬಾಗಿಲ ಒಳಗಡೆ ಈಗಲೂ ಅಂಟಿಕೊಂಡಿದೆ, ಹಳದಿಯಾಗಿದೆ.

ರೇಸ್ ಶುರು ಮಾಡಿಸುವುದು ಅವರದೇ ಕೆಲಸ. ಐದು ನಿಮಿಷಕ್ಕೆ ಒಂದು ಬಾವುಟ, ನಾಲ್ಕಕ್ಕೆ ಇನ್ನೊಂದು, ಕೊನೆಯ ಒಂದು ನಿಮಿಷಕ್ಕೆ ಅದನ್ನು ಇಳಿಸಬೇಕು. ಕೈಯಲ್ಲಿ ಕೀ ಕೊಡುವ ಎಚ್‌ಎಂಟಿ ವಾಚು. ಎಲ್ಲರ ಜೇಬಲ್ಲೂ ಮೊಬೈಲ್ ಇದ್ದರೂ ಅವರ ವಾಚಿನ ಟೈಮೇ ಟೈಮು.

ನಮ್ಮ ಟ್ರಸ್ಟಿನಿಂದ ಸರ್ಕಾರಿ ಶಾಲೆಯ ಮಕ್ಕಳನ್ನು ಕೆಆರ್‌ಎಸ್ ಹಿನ್ನೀರಿಗೆ ಕರೆದೊಯ್ದು ಹಾಯಿದೋಣಿ ಕಲಿಸುವುದನ್ನು ಶುರು ಮಾಡಿದ್ದು ತಾತನೇ. ಅವರ ಮೊದಲ ಪಾಠ ದೋಣಿ ನಡೆಸುವುದಲ್ಲ, ಮಗುಚುವುದು. ದಡದ ಹತ್ತಿರವೇ, ಸೊಂಟದಷ್ಟು ನೀರಲ್ಲಿ, ಬೇಕಂತಲೇ ದೋಣಿ ಬೀಳಿಸುತ್ತಿದ್ದರು. ಮಗು ನೀರಿಗೆ ಬಿದ್ದು, ಕೆಮ್ಮಿ, ಸುಧಾರಿಸಿಕೊಂಡು, ದೋಣಿಯ ತಳದಿಂದ ಚಾಚಿಕೊಂಡ ಹಲಗೆಯ ಮೇಲೆ ಭಾರ ಹಾಕಿ ಮತ್ತೆ ನೆಟ್ಟಗೆ ಮಾಡಬೇಕು. "ಬಿದ್ಯಾ ಮರಿ? ಸರಿ, ಇನ್ನೇನು ಭಯ" ಅನ್ನುತ್ತಿದ್ದರು. ಆಮೇಲೆ ಗಾಳಿಯ ಪಾಠ. ಹೆಂಡತಿ ಸ್ವೆಟರ್ ಹೆಣೆದು ಉಳಿದ ಕೆಂಪು ಉಲ್ಲನ್ ದಾರವನ್ನು ಹಾಯಿಗೆ ಅಂಟಿಸಿ, ಅದು ಹೇಗೆ ಹಾರುತ್ತದೆ ನೋಡು ಅಂತ ತೋರಿಸುತ್ತಿದ್ದರು. ಗಾಳಿಗೆ ನೇರ ಎದುರಾಗಿ ಹಾಯಿದೋಣಿ ಹೋಗುವುದಿಲ್ಲ, ಅಂಕುಡೊಂಕಾಗಿಯೇ ಹೋಗಬೇಕು. ಇದನ್ನು ನನಗೆ ಅರ್ಥ ಮಾಡಿಸಲು ಅವರಿಗೆ ಎರಡು ಭಾನುವಾರ ಹಿಡಿಯಿತು. ಮಕ್ಕಳಿಗೆ ಅರ್ಧ ಗಂಟೆ ಸಾಕಾಯಿತು.

ಆಷಾಢ ಬಂದರೆ ಅವರಿಗೆ ಹಬ್ಬ. ಮದುವೆ ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಊಟಕ್ಕೆ ಕರೆಯುವುದಿಲ್ಲ, ಪಡುವಣ ಗಾಳಿ ಮಾತ್ರ ಭರ್ರೋ ಅಂತ ಬೀಸುತ್ತದೆ, ದೋಣಿಯವರಿಗೆ ಇನ್ನೇನು ಬೇಕು ಅನ್ನುತ್ತಿದ್ದರು. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ. ಆ ವರ್ಷ ಅವರು ಶೆಡ್ಡಿನಲ್ಲೇ ಕೂತು ಹಳೆ ದೋಣಿಗಳಿಗೆ ಫೈಬರ್ ತೇಪೆ ಹಾಕಿದರು. ಮರುವರ್ಷ ಜುಲೈನಲ್ಲಿ ನೀರು 124 ಅಡಿ ದಾಟಿತು ಅಂದಾಗ ಮೊದಲು ಫೋನ್ ಮಾಡಿದ್ದು ಅವರೇ, ಬೆಳಗ್ಗೆ ಐದಕ್ಕೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಆಷಾಢಕ್ಕೆ ಮಕ್ಕಳ ತಂಡ ಸಿದ್ಧವಾಗಿದೆ. ಆದರೆ ಜಾಕೆಟ್ ಇಲ್ಲದೆ ಒಂದು ಮಗುವನ್ನೂ ನೀರಿಗೆ ಇಳಿಸುವುದಿಲ್ಲ. ಕತ್ತರಿಸಿದ 14ರ ಜಾಗಕ್ಕೆ ಹೊಸ 14 ಬೇಕು, ಮಕ್ಕಳ ಅಳತೆಯವು. ಜೊತೆಗೆ ಎರಡು ಆಪ್ಟಿಮಿಸ್ಟ್ ದೋಣಿ. 1947ರಲ್ಲಿ ಫ್ಲೋರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದೇ ರೂಪಿಸಿದ ದೋಣಿ ಇದು. ಉದ್ದ 2.3 ಮೀಟರ್, ತೂಕ 35 ಕಿಲೋ, ಒಂದೇ ಹಾಯಿ. ಮೂತಿ ಚಪ್ಪಟೆ, ನೋಡಲು ದನಕ್ಕೆ ನೀರಿಡುವ ತೊಟ್ಟಿಯ ಹಾಗೇ ಇದೆ. 15 ವರ್ಷದೊಳಗಿನ ಮಕ್ಕಳು ಒಬ್ಬೊಬ್ಬರೇ ನಡೆಸುತ್ತಾರೆ.

ಬಸ್ಸಿನ ಖರ್ಚೂ ಸೇರಿ ಒಟ್ಟು 6 ಲಕ್ಷ ರೂಪಾಯಿ ಅಂದಾಜು. ಸದಸ್ಯರು ಕೈಯಿಂದ ಹಾಕಿ 2 ಲಕ್ಷ 40 ಸಾವಿರ ಕೂಡಿಸಿದ್ದೇವೆ. ಉಳಿದದ್ದಕ್ಕೆ ನಿಮ್ಮ ಮುಂದೆ ಕೈಚಾಚುತ್ತಿದ್ದೇವೆ. ನೂರು ರೂಪಾಯಿಯಾದರೂ ಸರಿ, ಒಂದು ಜಾಕೆಟ್ಟಿನ ಪೂರ್ತಿ ದುಡ್ಡಾದರೂ ಸರಿ.

ಚೆಕ್ ಅಥವಾ ಆನ್‌ಲೈನ್ ಆದರೆ ಒಳ್ಳೆಯದು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೂ ವಿನಾಯಿತಿ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ಬೆಳಗ್ಗೆ ಖಜಾಂಚಿಗಳು ಶೆಡ್ಡಿನಲ್ಲೇ ಇರುತ್ತಾರೆ, ರಸೀದಿ ಅಲ್ಲೇ ಬರೆದುಕೊಡುತ್ತಾರೆ. ದುಡ್ಡಿಲ್ಲ ಅನ್ನುವವರು ಹಾಯಿ ಹೊಲಿಯಲು, ಮರಕ್ಕೆ ಉಪ್ಪುಕಾಗದ ಉಜ್ಜಲು ಬನ್ನಿ. ಕಾಫಿ ಕೊಡುತ್ತೇವೆ.

ಒಂದು ಮಾತು ಇನ್ನೂ ತೀರ್ಮಾನವಾಗಿಲ್ಲ. ದೋಣಿಗಳ ಮೇಲೆ ತಾತನ ಹೆಸರು ಬರೆಸಬೇಕು ಅಂತ ಮಕ್ಕಳ ಹಠ. ಹೆಸರು ಬರೆಸಿದರೆ ಅವರು ಮೇಲಿಂದಲೇ ಬೈಯುತ್ತಾರೆ ಅಂತ ಸಮಿತಿಯ ಹಿರಿಯರು. ಶೆಡ್ಡಿಗೆ ಬಂದಾಗ ನಿಮ್ಮ ಅಭಿಪ್ರಾಯವನ್ನೂ ಹೇಳಿ ಹೋಗಿ.

ಇಂತಿ,
ಕ್ಲಬ್ಬಿನ ಕಾರ್ಯದರ್ಶಿ