ಎಕ್ಸ್‌ರೇ ಕವರಿನ ಮೇಲೆ ಚಿತ್ರ ಬಿಡಿಸಿದ ಅಣ್ಣನಿಗೆ

ಕಲಬುರಗಿಯ ಆಸ್ಪತ್ರೆಯಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಕೂತಿದ್ದ ಅಣ್ಣಾ, ನಿಮ್ಮ ಹೆಸರು ಕೇಳುವುದನ್ನೇ ಮರೆತುಬಿಟ್ಟೆ.

ಮೊಣಕಾಲು ಸವೆದಿದ್ದ ಅವ್ವನಿಗೆ ಆಪರೇಷನ್ ಅಂದರೆ ಕಾಲೇ ಹೋಗುತ್ತೆ ಅನ್ನೋ ಭಯ. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನೀವು ಪ್ಯಾಂಟ್ ಮಡಚಿ ನಿಮ್ಮ ಮೊಣಕಾಲಿನ ಉದ್ದನೆಯ ಹೊಲಿಗೆ ಗುರುತು ತೋರಿಸಿದಿರಿ. "ಮುಟ್ಟಿ ನೋಡ್ರಿ ಅವ್ವಾ" ಅಂದಿರಿ. ಅವಳು ಮುಟ್ಟಿದಳು, ಅಳು ನಿಂತಿತು.

ಆಮೇಲೆ ಎಕ್ಸ್‌ರೇ ಕವರಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ವಿವರಿಸಿದಿರಿ. ಮೊಣಕಾಲು ಇಡೀ ಕಿತ್ತು ಹಾಕುವುದಿಲ್ಲ. ಸವೆದ ಮೂಳೆಯ ತುದಿ ತೆಗೆದು ಲೋಹದ ಹೊದಿಕೆ ಕೂರಿಸುತ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಒಂದೇ ಬದಿ ಸವೆದಿದ್ದರೆ ಅಷ್ಟನ್ನೇ ಬದಲಿಸಬಹುದು. ವಯಸ್ಸು ಕಡಿಮೆಯಿದ್ದು ಕಾಲು ಬಾಗಿದ್ದರೆ, ಮೂಳೆ ಕತ್ತರಿಸಿ ನೇರ ಮಾಡುವ ದಾರಿಯೂ ಇದೆ. ಸಣ್ಣ ತೂತು ಮಾಡಿ ಒಳಗೆ ತೊಳೆಯುವುದರಿಂದ ಸವೆತದ ನೋವಿಗೆ ಜಾಸ್ತಿ ಲಾಭವಿಲ್ಲ ಅಂದಿರಿ. ನಾನು ಅದನ್ನೇ ಮಾಡಿಸಬೇಕು ಅಂದುಕೊಂಡಿದ್ದೆ!

"ಯಾವುದು ಬೇಕು ಅಂತ ಡಾಕ್ಟರ್ ಹೇಳ್ತಾರ, ಆದರ ಯಾಕ ಅಂತ ನೀವು ಕೇಳ್ರಿ" ಅಂದಿರಿ. ಕೇಳಿದೆವು. ಅವ್ವನಿಗೆ ಎರಡೂ ಬದಿ ಸವೆದಿತ್ತು, ಪೂರ್ತಿ ಬದಲಿಸಿದರು.

ಈಗ ಶರಣಬಸವೇಶ್ವರ ಗುಡಿಗೆ ನಡೆದೇ ಹೋಗುತ್ತಾಳೆ. ನೆಲಕ್ಕೆ ಕೂರುವಂತಿಲ್ಲ, ಹಾಗಾಗಿ ನಿಂತೇ ರೊಟ್ಟಿ ಬಡಿಯುತ್ತಾಳೆ. "ಆ ತಮ್ಮ ಸಿಕ್ಕರ ಊಟಕ್ಕ ಕರಿ" ಅಂತ ಹೇಳ್ತಾನೇ ಇರ್ತಾಳೆ. ಬನ್ನಿ ಅಣ್ಣಾ.