ನಾಲ್ಕು ಎಲ್ಲಿ, ಏಳು ಎಲ್ಲಿ?

ಸಂಪಾದಕರೇ,

ಗಣಿತ ರಸಪ್ರಶ್ನೆಯ ಸುದ್ದಿ ನಿನ್ನೆ ಮೂರನೇ ಪುಟದಲ್ಲಿ ಓದಿದೆ. ಫೋಟೊ ಚೆನ್ನಾಗಿ ಬಂದಿದೆ, ಉತ್ತರ ಮಾತ್ರ ತಪ್ಪು.

ಪ್ರಶ್ನೆ ಇಷ್ಟೇ: ಸೊನ್ನೆಯಿಂದ ಒಂಬತ್ತರ ತನಕ ಎಲ್ಲಾ ಅಂಕಿ ಒಂದೊಂದೇ ಸಲ ಬರಬೇಕು, ಎಡದಿಂದ ಮೊದಲ ಎರಡು ಅಂಕಿಯ ಸಂಖ್ಯೆ ಎರಡರಿಂದ, ಮೂರು ಅಂಕಿಯದ್ದು ಮೂರರಿಂದ, ಹೀಗೇ ಹತ್ತರ ತನಕ ಶೇಷ ಇಲ್ಲದೆ ಭಾಗ ಹೋಗಬೇಕು. ಅಂಥ ಸಂಖ್ಯೆ ಇರುವುದು ಒಂದೇ, 3816547290. ನನ್ನ ಮೊಮ್ಮಗಳು ಬರೆದದ್ದೂ ಅದನ್ನೇ. ನಿರ್ಣಾಯಕರ ಹಾಳೆಯಲ್ಲಿದ್ದದ್ದು 3816574290, ನೀವು ಅಚ್ಚು ಹಾಕಿದ್ದೂ ಅದನ್ನೇ. ಎರಡು ಅಂಕಿ ಜಾಗ ಬದಲಾಗಿದೆ, ಅಷ್ಟೇ ಅಲ್ವಾ? ಮೊದಲ ಆರು ಅಂಕಿ ನೋಡಿ, 381657. ಕೊನೆಗೆ ಏಳಿದ್ದರೆ ಆರರಿಂದ ಭಾಗ ಹೋಗುತ್ತದಾ? ಪೇಟೆಯಲ್ಲಿ ಬಂಗಡೆ ಎಣಿಸಿ ಕೊಡುವವಳಿಗೂ ಗೊತ್ತು.

ಹುಡುಗಿ ಸುಮ್ನೆ ಊಹಿಸಿ ಬರೆದದ್ದಲ್ಲ. ಐದನೇ ಜಾಗಕ್ಕೆ 5, ಕೊನೆಗೆ 0, ಇವೆರಡು ಅಲ್ಲಾಡುವುದಿಲ್ಲ. ನಾಲ್ಕನೇ ಜಾಗಕ್ಕೆ 2 ಇಲ್ಲಾ 6 ಮಾತ್ರ. ಹೀಗೆ ಸೋಸುತ್ತಾ ಬಂದು ಕೊನೆಗೆ ಉಳಿದವನ್ನು ಏಳರಿಂದ ಭಾಗಿಸಿದರೆ ಒಂದೇ ನಿಲ್ಲುತ್ತದೆ: 3816547 ಭಾಗಿಸು 7, 545221. ಹಳೇ ಕ್ಯಾಲೆಂಡರಿನ ಹಿಂದೆ ಮೂರು ಸಂಜೆ ಗೀಚಿದ್ದಾಳೆ, ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚಿಕೊಂಡು. ಏಳರ ಲೆಕ್ಕದ ಮೇಲೆ ಮೇಣ ಬಿದ್ದ ಕಲೆ ಇನ್ನೂ ಇದೆ. ಎರಡು ಅಂಕದಲ್ಲಿ ಬಹುಮಾನ ಹೋಯಿತು.

ಸ್ಪರ್ಧೆ ನಡೆಸಿದವರ ಕಚೇರಿಗೆ ಹೋಗಿ ಕೇಳಿಯೇ ಬರೋಣ ಅಂತ ಸದಾಶಿವಗಡದಿಂದ ಬಸ್ಸು ಹತ್ತಿದೆ. ಜೋರು ಮಳೆ, ಕೊಡೆಯ ಕಡ್ಡಿ ಮುರಿಯಿತು. ಕಾಳಿ ಸೇತುವೆ ಮೇಲೆ ಲಾರಿ ಸಾಲು, ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಹೊಳೆಗೆ ಬಿದ್ದದ್ದು ನೆನಪಾಗಿ ಹೊಟ್ಟೆ ತೊಳೆಸಿದ ಹಾಗಾಯಿತು. ಒದ್ದೆ ಪಂಚೆಯಲ್ಲಿ ಒಂದು ಗಂಟೆ ಅಲ್ಲಿನ ಬೆಂಚಿನ ಮೇಲೆ ಕೂತ ಮೇಲೆ ಕಚೇರಿಯ ಸಾಹೇಬರು ಕರೆದು, "ಮಾಸ್ತರ್ರೇ, ಹತ್ತು ಅಂಕಿ, ಫೋನ್ ನಂಬರ್ ಇದ್ದ ಹಾಗಿದೆ, ಒಂದೆರಡು ಹಿಂದೆಮುಂದೆ ಆಗ್ತದೆ ಮಾರಾಯ್ರೇ" ಅಂದರು. ಅವರ ಸಂಬಳದ ಅಂಕಿ ಹೀಗೆ ಹಿಂದೆಮುಂದೆ ಆದರೆ ನೋಡಬೇಕಿತ್ತು.

ಇದು ಹೊಸದೇನಲ್ಲ. ಹೋದ ವರ್ಷ ಕರೆಂಟ್ ಬಿಲ್ಲಿನಲ್ಲಿ ನಮ್ಮ ಆರ್‌ಆರ್ ನಂಬರಿನ ಎರಡು ಅಂಕಿ ಅದಲುಬದಲಾಗಿ ನಾನು ಕಟ್ಟಿದ ದುಡ್ಡು ಪಕ್ಕದ ಕೇರಿಯವರ ಲೆಕ್ಕಕ್ಕೆ ಹೋಯಿತು. ನಮ್ಮನೆ ಫ್ಯೂಸು ಕಿತ್ತರು. ಆ ಕೇರಿಯವರು ದೀಪ ಹಾಕಿಕೊಂಡು ಟೀವಿ ನೋಡುತ್ತಿದ್ದರು. ರೇಷನ್ ಕಾರ್ಡಿನಲ್ಲಿ ನನಗೆ 27 ವರ್ಷ, ಇರುವುದು 72. ಅದನ್ನು ತಿದ್ದಿಸಲು ಹೋಗಿಲ್ಲ, ಇರಲಿ ಬಿಡಿ.

ಸ್ಪರ್ಧೆ ಮತ್ತೆ ನಡೆಸಲಿ, ಇಲ್ಲಾ ನಮ್ಮ ಹುಡುಗಿಗೂ ಬಹುಮಾನ ಕೊಡಲಿ. ಗೆದ್ದ ಮಕ್ಕಳ ತಪ್ಪೇನಿಲ್ಲ, ಅವರ ಕೈಯಿಂದ ಕಿತ್ತುಕೊಳ್ಳುವುದು ಬೇಡ. ಒಟ್ಟಿನಲ್ಲಿ ಏನಾದರೂ ಮಾಡಲಿ, ಆ ಬಿಲ್ಲಿನ ದುಡ್ಡೂ ವಾಪಸ್ ಬರಲಿ. ನೀವೂ ಒಂದು ತಿದ್ದುಪಡಿ ಹಾಕಿ. ಹಾಕುವಾಗ ನಾಲ್ಕು ಮೊದಲು, ಏಳು ಆಮೇಲೆ.

– ಒಬ್ಬ ನಿವೃತ್ತ ಮಾಸ್ತರ, ಸದಾಶಿವಗಡ