ಸಂಗೀತ ಕಚೇರಿಗೆ ಮೊದಲ ಸಲ ಬರುವವರಿಗೂ ಮಾಹಿತಿ ಸಿಗಲಿ

ಮಾನ್ಯರೆ,

ರಾಮನವಮಿ ಬಂತೆಂದರೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಚಪ್ಪರ ಏಳುತ್ತದೆ, ಪಾನಕ ಕೋಸಂಬರಿಯ ಜತೆಗೆ ಸಂಗೀತವೂ ಶುರುವಾಗುತ್ತದೆ. 1939ರಲ್ಲಿ ಆರಂಭವಾದ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ಉತ್ಸವ, 1905ರಿಂದ ಬಾಳಿಬಂದಿರುವ ಬೆಂಗಳೂರು ಗಾಯನ ಸಮಾಜ, ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ನೆನಪಿಗೆಂದು ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ, ಇಷ್ಟೆಲ್ಲ ಇರುವ ಊರಿನಲ್ಲಿ ಕಚೇರಿ ಕೇಳುವ ಆಸೆಯಿದ್ದೂ ಒಳಗೆ ಕಾಲಿಡಲು ಅಳುಕುವವರು ಬಹಳ ಮಂದಿ ಇದ್ದಾರೆ. ಮೂರು ವರ್ಷದ ಹಿಂದಿನವರೆಗೆ ನಾನೂ ಅವರಲ್ಲೊಬ್ಬ. ಟಿಕೆಟ್ ಎಲ್ಲಿ ಸಿಗುತ್ತದೆ, ಎಲ್ಲಿ ಕೂರಬೇಕು, ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಹೊಸಬರಿಗೆ ಯಾರೂ ಹೇಳದಿರುವುದೇ ಈ ಅಳುಕಿಗೆ ಮುಖ್ಯ ಕಾರಣವೆಂದು ನನಗೆ ಅನ್ನಿಸಿದೆ.

ನಾನು ಮೊದಲು ಕಚೇರಿಗೆ ಹೋದದ್ದು ಮಂಡಿನೋವಿನಿಂದ ಬಳಲುವ ನನ್ನ ತಾಯಿಯವರನ್ನು ಕರೆದುಕೊಂಡು. ಅವರಿಗೆ ವೇದಿಕೆ ಚೆನ್ನಾಗಿ ಕಾಣಲಿ ಎಂದು ಫೋನಿನಲ್ಲಿ ತಲಾ ಐನೂರು ರೂಪಾಯಿಯ ಟಿಕೆಟ್ ಕೊಂಡಿದ್ದೆ. ಅರ್ಧ ಗಂಟೆ ಮೊದಲೇ ತಲುಪಿದರೂ ಮುಂದಿನ ಎಂಟು ಸಾಲುಗಳಿಗೆ ಟೇಪು ಕಟ್ಟಿತ್ತು. ಅವು ದಾನಿಗಳಿಗೂ ಸದಸ್ಯರಿಗೂ ಮೀಸಲು ಎಂದು ಸ್ವಯಂಸೇವಕ ಹುಡುಗ ಸಂಕೋಚದಿಂದಲೇ ಹೇಳಿ ನಮ್ಮನ್ನು ಹಿಂದಕ್ಕೆ ಕಳಿಸಿದ. ಉಳಿದಿದ್ದ ಎರಡು ಕುರ್ಚಿಗಳು ಕಂಬದ ಮರೆಯಲ್ಲಿದ್ದವು. ಅಲ್ಲಿಂದ ನಮಗೆ ಕಂಡದ್ದು ಧ್ವನಿವರ್ಧಕದ ಪೆಟ್ಟಿಗೆ ಮತ್ತು ಮೃದಂಗ ವಿದ್ವಾಂಸರ ಬಲಗೈ ಮಾತ್ರ. ದಾನಿಗಳಿಗೆ ಮುಂದಿನ ಸಾಲು ಕೊಡುವುದಕ್ಕೆ ನನ್ನ ಆಕ್ಷೇಪವಿಲ್ಲ, ಅವರ ನೆರವಿಲ್ಲದೆ ಸಂಗೀತ ಸಭೆಗಳು ನಡೆಯುವುದು ಕಷ್ಟವೆಂಬುದು ಗೊತ್ತು. ಆದರೆ ಹಣ ಪಡೆಯುವ ಮೊದಲು ಆ ಒಂದು ಮಾತನ್ನು ತಿಳಿಸಿದ್ದರೆ ನಾವು ಇನ್ನೊಂದು ಗಂಟೆ ಮುಂಚೆ ಬರುತ್ತಿದ್ದೆವು.

ಆಹ್ವಾನಪತ್ರಿಕೆಗಳಲ್ಲಿ ಮುಖ್ಯ ಅತಿಥಿಗಳ ಹೆಸರು, ಬಿರುದು, ಹುದ್ದೆಗಳಿಗೆ ಸಂಘಟಕರು ಅರ್ಧ ಪುಟ ಮೀಸಲಿಡುತ್ತಾರೆ. ಅದರಡಿಯಲ್ಲೇ ಆಸನಕ್ಕೆ ಸಂಖ್ಯೆ ಇದೆಯೋ ಅಥವಾ ಮೊದಲು ಬಂದವರಿಗೆ ಮೊದಲ ಜಾಗವೋ, ಅಂದೇ ಬಂದವರಿಗೆ ಬಾಗಿಲಲ್ಲಿ ಟಿಕೆಟ್ ಸಿಗುವುದೋ, ಇಡೀ ಉತ್ಸವದ ಪಾಸು ಕೊಂಡರೆ ಎಷ್ಟು, ಮೆಟ್ಟಿಲು ಹತ್ತಲಾಗದವರಿಗೆ ಬೇರೆ ದಾರಿ ಇದೆಯೋ, ಕಚೇರಿ ಸುಮಾರು ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನು ಸರಳ ಕನ್ನಡದಲ್ಲಿ ಅಚ್ಚು ಮಾಡಲು ನಾಲ್ಕು ಸಾಲು ಸಾಕು. ಉಚಿತ ಕಚೇರಿಯಾದರೆ 'ಸರ್ವರಿಗೂ ಸ್ವಾಗತ' ಎಂದಷ್ಟೇ ಬರೆಯದೆ 'ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು' ಎಂದೇ ಬರೆಯಬೇಕು. ನಮ್ಮ ಬೀದಿಯ ದೇವಸ್ಥಾನದ ಕಚೇರಿ ಸದಸ್ಯರಿಗೆ ಮಾತ್ರ ಎಂದುಕೊಂಡು ನಾನು ಎಷ್ಟೋ ವರ್ಷ ಗೇಟಿನಾಚೆಯಿಂದಲೇ ಕೇಳಿ ಹೋಗಿದ್ದೇನೆ.

ಇನ್ನು ಒಳಗೆ ಕೂತ ಮೇಲಿನ ಮಾತು. ಚಿತ್ರಗೀತೆಗಳ ಸಂಜೆಯಲ್ಲಿ ಹಾಡು ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ. ಕರ್ನಾಟಕ ಸಂಗೀತದ ಕಚೇರಿಯಲ್ಲಿ ಏನು ಹಾಡುತ್ತಾರೆಂಬ ಪಟ್ಟಿಯನ್ನು ಸಾಮಾನ್ಯವಾಗಿ ಮುಂಚಿತವಾಗಿ ಕೊಡುವುದಿಲ್ಲ. ವರ್ಣವೆಂಬ ಆರಂಭದ ರಚನೆಯಿಂದ ತೊಡಗಿ, ಕೆಲವು ಕೃತಿಗಳು, ಅಂದರೆ ರಾಗ ತಾಳಗಳಲ್ಲಿ ಕಟ್ಟಿದ ಹಾಡುಗಳು, ಆದ ಮೇಲೆ ಒಂದು ರಾಗವನ್ನು ಸಾಹಿತ್ಯವಿಲ್ಲದೆ ವಿಸ್ತಾರವಾಗಿ ಆಲಾಪನೆ ಮಾಡಿ, ಕೃತಿ, ಅದರ ಒಂದು ಸಾಲನ್ನೇ ಬಗೆಬಗೆಯಾಗಿ ಹಾಡುವ ನೆರವಲ್, ಸರಿಗಮಗಳನ್ನು ಸ್ಥಳದಲ್ಲೇ ಹೆಣೆದು ಹಾಡುವ ಕಲ್ಪನಾಸ್ವರಗಳನ್ನು ಹಾಡಿ, ಮೃದಂಗದಂಥ ತಾಳವಾದ್ಯಗಳು ಮಾತ್ರ ನುಡಿಯುವ ತನಿ ಆವರ್ತನಕ್ಕೆ ಬಿಟ್ಟುಕೊಟ್ಟು, ಕೊನೆಗೆ ದೇವರನಾಮ, ಲಯದ ಸೊಲ್ಲುಗಳಿಂದ ಕಟ್ಟಿದ ತಿಲ್ಲಾನ, ಮುಕ್ತಾಯದ ಹಾಡಾದ ಮಂಗಳಕ್ಕೆ ಬರುವುದು ರೂಢಿ. ಈ ಕ್ರಮ ತಿಳಿಯದ ನಾನು, ಮೊದಲ ಸಲ ತನಿ ಆವರ್ತನ ಶುರುವಾದಾಗ ಸುತ್ತಲಿನ ಹಲವರು ಎದ್ದು ಕಾಫಿಗೆ ಹೊರಟಿದ್ದನ್ನು ನೋಡಿ, ಅದು ವಿರಾಮವೆಂದೇ ತಿಳಿದು ಹೊರಗೆ ನಡೆದೆ. ಮೃದಂಗ ಮತ್ತು ಘಟ ಒಂದಕ್ಕೊಂದು ಉತ್ತರ ಕೊಡುವ ಆ ಹೊತ್ತು ಕಲಾವಿದರ ವರ್ಷಗಳ ಸಾಧನೆಯ ಹೊತ್ತು ಎಂದು ನನಗೆ ಹೇಳಿದವರು ಮರುದಿನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು. ತೊಡೆಯ ಮೇಲೆ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ನಂತರ ಪೆಟ್ಟು, ಅಂಗೈ ತಿರುಗಿಸಿ ಹುಸಿ, ಮತ್ತೆ ಪೆಟ್ಟು, ಹುಸಿ, ಹೀಗೆ ಎಂಟು ಎಣಿಸಿದರೆ ಆದಿತಾಳ ಎಂದು ನನ್ನ ಕೈ ಹಿಡಿದೇ ತೋರಿಸಿಕೊಟ್ಟರು. ಅಷ್ಟು ಕಲಿತ ಮೇಲೆ ಎರಡು ಗಂಟೆ ಹೇಗೆ ಕಳೆಯಿತೋ ತಿಳಿಯಲಿಲ್ಲ. ಆದ್ದರಿಂದ ಹಳೆಯ ಕೇಳುಗರು ತನಿ ಆವರ್ತನದ ನಡುವೆ ಏಳದಿರಲಿ ಎಂದೂ, ಕಲಾವಿದರು ಪ್ರತಿ ಕೃತಿಗೆ ಮುನ್ನ ರಾಗ, ತಾಳ, ಅದನ್ನು ರಚಿಸಿದ ವಾಗ್ಗೇಯಕಾರರ ಹೆಸರನ್ನು ಒಂದೇ ವಾಕ್ಯದಲ್ಲಿ ಹೇಳಲಿ ಎಂದೂ ಕೇಳಿಕೊಳ್ಳುತ್ತೇನೆ.

ಹೊಸದಾಗಿ ಬರುವವರಿಗೆ ನನ್ನದೊಂದು ಮಾತು: ರಾಗದ ಹೆಸರು ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಬೇಸಿಗೆಯ ಚಪ್ಪರದಲ್ಲಿ ಸೆಕೆ ಇರುತ್ತದೆ, ನೀರಿನ ಬಾಟಲಿ ಜತೆಯಲ್ಲಿರಲಿ. ತಡವಾದರೆ ಒಂದು ಕೃತಿ ಮುಗಿಯುವವರೆಗೆ ಬಾಗಿಲ ಬಳಿ ನಿಂತು ಒಳಗೆ ಬನ್ನಿ. ಮನೆಗೆ ಮರಳುವ ಬಸ್ಸು ಅಥವಾ ಮೆಟ್ರೊ ಎಷ್ಟು ಗಂಟೆಯವರೆಗೆ ಇದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಬಸ್ಸಿಗೆ ಹೆದರಿ ಬೇಗ ಎದ್ದವರಿಗೆ ತಪ್ಪಿಹೋಗುವುದು ದೇವರನಾಮಗಳೇ. ಅಂದು ಕಂಬದ ಹಿಂದೆ ಅಷ್ಟು ಹೊತ್ತು ಸುಮ್ಮನಿದ್ದ ನನ್ನ ತಾಯಿ, ಗಾಯಕಿ ಪುರಂದರದಾಸರ ಪದವೊಂದನ್ನು ಎತ್ತಿಕೊಂಡ ಕೂಡಲೇ ನೆಟ್ಟಗೆ ಕೂತು ಮೆಲುದನಿಯಲ್ಲಿ ಜತೆಗೆ ಹಾಡಿಕೊಂಡರು. ಊರಲ್ಲಿ ಭಜನೆಗೆ ಹಾಡುತ್ತಿದ್ದ ಪದ ಅದು.

ಅವರಿಗೆ ಈಗ ಎಪ್ಪತ್ತಾರು ವರ್ಷ. ಮುಂದಿನ ರಾಮನವಮಿಗೂ ಕರೆದುಕೊಂಡು ಹೋಗು ಎಂದಿದ್ದಾರೆ. ವೇದಿಕೆ ಕಾಣುವ ಎರಡು ಕುರ್ಚಿಗೆ ಎಷ್ಟು ಕೊಡಬೇಕು, ಎಷ್ಟು ಗಂಟೆಗೆ ಬರಬೇಕು ಎಂಬುದನ್ನು ಸಂಘಟಕರು ಈ ಸಲವಾದರೂ ಮುಂಚಿತವಾಗಿ ತಿಳಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಬಸವನಗುಡಿ, ಬೆಂಗಳೂರು